ನೇತ್ರಾಣಿಯಲ್ಲಿ ಲಂಗರು ತಪ್ಪಿಸಿ: ಜಿಲ್ಲಾಧಿಕಾರಿಗಳಿಗೆ ಒಂದು ಬಹಿರಂಗ ಪತ್ರ

ಉತ್ತರ ಕನ್ನಡದ ಮಾನ್ಯ ಜಿಲ್ಲಾಧಿಕಾರಿಗಳಿಗೆ ನಮಸ್ಕಾರ.

ನಾನು ಶಿರಸಿ ಕಡೆಯ ಅಡಿಕೆ ತೋಟದವನು. ಘಟ್ಟದ ಮೇಲಿನ ನಮಗೆ ಸಮುದ್ರ ಅಂದರೆ ಗೋಕರ್ಣಕ್ಕೆ ಹೋದಾಗ ಕಾಲು ನೆನೆಸಿ ಬರುವುದು, ಅಷ್ಟೇ. ಕಳೆದ ಡಿಸೆಂಬರಿನಲ್ಲಿ ಅಕ್ಕನ ಮಗಳು ಹಟ ಹಿಡಿದಳು. ನೇತ್ರಾಣಿ ದ್ವೀಪಕ್ಕೆ ಹೋಗಬೇಕು, ಸ್ನಾರ್ಕೆಲಿಂಗ್ ಮಾಡಬೇಕು, ಮಾವನೂ ನೀರಿಗೆ ಇಳಿಯಬೇಕು. ಬೆಳಗಿನ ಜಾವ ಹೊರಟು ದೇವಿಮನೆ ಘಟ್ಟ ಇಳಿದು ಮುರುಡೇಶ್ವರ ಮುಟ್ಟಿದೆವು.

ಅಲ್ಲಿಂದ ದ್ವೀಪಕ್ಕೆ ಸುಮಾರು 19 ಕಿಲೋಮೀಟರ್. ದೋಣಿಯಲ್ಲಿ ಒಂದೂವರೆ ಗಂಟೆ. ಹಿಂದೆ ಶಿವನ ಮೂರ್ತಿ ಹೆಬ್ಬೆರಳಿನಷ್ಟಾಗುವ ಹೊತ್ತಿಗೆ ನನ್ನ ಹೊಟ್ಟೆಯಲ್ಲಿದ್ದ ಇಡ್ಲಿ ಎಲ್ಲ ಸಮುದ್ರದ ಪಾಲಾಗಿತ್ತು. ಆ ಕಥೆ ಬೇಡ ಬಿಡಿ. ಲೈಫ್ ಜಾಕೆಟ್ ಬಗ್ಗೆಯೂ ನನ್ನ ದೂರಿಲ್ಲ. ದೋಣಿ ಹತ್ತುವ ಮೊದಲೇ ಎಲ್ಲರಿಗೂ ಕೊಟ್ಟು, ಬಕಲ್ ಎಳೆದು ನೋಡಿದರು. 2019ರ ಜನವರಿ 21ರಂದು ಕೂರ್ಮಗಡ ದ್ವೀಪದ ಜಾತ್ರೆಯಿಂದ ಮರಳುತ್ತಿದ್ದ ದೋಣಿ ಕಾರವಾರದ ಬಳಿ ಮಗುಚಿ 16 ಜನ ತೀರಿಕೊಂಡಿದ್ದರು. ಅದನ್ನು ನೆನೆದರೆ ಆ ಬಕಲ್ ಎಳೆದು ನೋಡಿದ ಕೈಗೆ ಕೈ ಮುಗಿಯಬೇಕು ಅನಿಸುತ್ತದೆ.

ನಾನು ಬರೆಯುತ್ತಿರುವುದು ನೀರಿನ ಕೆಳಗೆ ಕಂಡದ್ದರ ಬಗ್ಗೆ.

ಮುಖಕ್ಕೆ ಮಾಸ್ಕ್, ಬಾಯಿಗೆ ಕೊಳವೆ. ಮೊದಲ ಐದು ನಿಮಿಷ ಉಪ್ಪುನೀರು ಕುಡಿದದ್ದೇ ಬಂತು. ಆಮೇಲೆ ಉಸಿರು ಹದಕ್ಕೆ ಬಂತು, ಕೆಳಗೆ ನೋಡಿದೆ. ಹಳದಿ ಪಟ್ಟೆಯ ಚಿಟ್ಟೆಮೀನುಗಳು ಜೋಡಿ ಜೋಡಿಯಾಗಿ ಹೋಗುತ್ತಿದ್ದವು. ಗಿಳಿಮೀನು ಹವಳದ ಬಂಡೆಯನ್ನು ಕಡಿಯುವ ಸದ್ದು ನೀರಿನೊಳಗೆ ಕಿವಿಗೇ ಕೇಳುತ್ತದೆ, ಯಾರೋ ಪಕ್ಕದಲ್ಲಿ ಕುಳಿತು ಚಕ್ಕುಲಿ ತಿಂದ ಹಾಗೆ. ನಮ್ಮ ಜಿಲ್ಲೆಯಲ್ಲಿ ಇಂಥದ್ದೊಂದು ಇದೆ ಅಂತ ಐವತ್ತು ದಾಟುವ ತನಕ ನನಗೆ ಗೊತ್ತಿರಲಿಲ್ಲ, ನೋಡಿ.

ಹೊರಡುವಾಗ ದೋಣಿಯವರು ಲಂಗರು ಎಳೆದರು. ಬರಲಿಲ್ಲ. ದೋಣಿ ಮುಂದೆ ಹಿಂದೆ ಮಾಡಿ, ಇಬ್ಬರು ಸೇರಿ ಜಗ್ಗಿದರು. ಕಡೆಗೆ ಬಂದಾಗ ಅದರ ಕೊಕ್ಕೆಯಲ್ಲಿ ಅಂಗೈ ಅಗಲದ ಹವಳದ ಚೂರು ಸಿಕ್ಕಿಕೊಂಡಿತ್ತು. ಮುರಿದ ಕಡೆ ಬೆಳ್ಳಗೆ, ಆಗಷ್ಟೇ ಒಡೆದ ತೆಂಗಿನಕಾಯಿಯ ಹಾಗೆ. ಅಕ್ಕನ ಮಗಳು ಅದನ್ನು ಮನೆಗೆ ಒಯ್ಯುತ್ತೇನೆ ಅಂದಳು. ದೋಣಿಯವರು ಗಾಬರಿಯಾದರು. "ಬೇಡ ತಂಗಿ, ಕೇಸಾಗ್ತದೆ" ಅಂತ ಅದನ್ನು ಕಿತ್ತು ನೀರಿಗೆ ಎಸೆದರು.

ಅವರು ಹೇಳಿದ್ದು ಸರಿಯೇ. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯಲ್ಲಿ ಹುಲಿ ಇರುವ ಒಂದನೇ ಪಟ್ಟಿಯಲ್ಲೇ ಈ ಹವಳವೂ ಇದೆ. ನನ್ನ ಅಕ್ಕನ ಮಗಳು ಒಂದು ಚೂರು ಕೈಚೀಲಕ್ಕೆ ಹಾಕಿಕೊಂಡಿದ್ದರೆ ಅಪರಾಧ. ಲಂಗರು ಸೀಸನ್ ಪೂರ್ತಿ ಒಡೆಯುತ್ತಾ ಇದ್ದರೆ ಅದಕ್ಕೆ ಪ್ರವಾಸೋದ್ಯಮ ಅಂತ ಹೆಸರು. ಇದು ಯಾವ ನ್ಯಾಯ ಸ್ವಾಮಿ?

ಹವಳ ಕಲ್ಲಲ್ಲ, ಸಣ್ಣ ಸಣ್ಣ ಜೀವಿಗಳ ಕೇರಿ. ಉಂಡೆಯಾಗಿ ಬೆಳೆಯುವ ಜಾತಿಯದು ವರ್ಷಕ್ಕೆ ಹೆಚ್ಚುಕಡಿಮೆ ಒಂದು ಸೆಂಟಿಮೀಟರ್ ಬೆಳೆಯುತ್ತದೆ. ಗೊಬ್ಬರದ ಬುಟ್ಟಿಯಷ್ಟು ದೊಡ್ಡದಾಗಲು ನನ್ನ ಅಪ್ಪ ನೆಟ್ಟ ಅಡಿಕೆ ಮರದಷ್ಟು ವಯಸ್ಸು ಬೇಕು. ಆ ಮರಕ್ಕೆ ಯಾರಾದರೂ ಲಾರಿ ಗುದ್ದಿದರೆ ನಾನು ಸುಮ್ನೆ ಇರುತ್ತೇನಾ?

ದೋಣಿಯವರನ್ನು ಬೈದು ಈ ಪತ್ರ ಮುಗಿಸಬಹುದಿತ್ತು. ಆದರೆ ವಾಪಸು ಬರುವಾಗ ಅವರನ್ನೇ ಕೇಳಿದೆ. "ಲಂಗರು ಹಾಕ್ದೇ ಇದ್ರೆ ದೋಣಿ ಬಂಡೆಗೆ ಹೋಗಿ ಬಡೀತದೆ, ನಾವೇನು ಮಾಡೂದು?" ಅಂದರು. ಲಂಗರು ಬಂಡೆಯಲ್ಲಿ ಕಚ್ಚಿಕೊಂಡರೆ ಹಗ್ಗ ಕತ್ತರಿಸಿ ಬರಬೇಕು, ಹೊಸ ಲಂಗರಿಗೆ ದುಡ್ಡು ಅವರದ್ದೇ. ಅಂದರೆ ಅವರಿಗೂ ಇದು ಬೇಕಾಗಿಲ್ಲ.

ಇದಕ್ಕೆ ದಾರಿ ಇಲ್ಲದೆ ಇಲ್ಲ. ಸಮುದ್ರದ ತಳದಲ್ಲಿ ಹವಳ ಇಲ್ಲದ ಕಡೆ ಬಂಡೆಗೆ ತೂತು ಕೊರೆದು, ತುಕ್ಕು ಹಿಡಿಯದ ಉಕ್ಕಿನ ಬಳೆ ಕೂರಿಸಿ, ಸಿಮೆಂಟು ಹಾಕುತ್ತಾರೆ. ಬಳೆಯಿಂದ ಮೇಲಕ್ಕೆ ಗಟ್ಟಿ ಹಗ್ಗ, ಹಗ್ಗದ ತುದಿಗೆ ತೇಲುವ ಬೋಯಾ. ಬಂದ ದೋಣಿ ಅದಕ್ಕೆ ಕಟ್ಟಿಕೊಂಡು ನಿಲ್ಲುತ್ತದೆ, ಲಂಗರು ಕೆಳಗೆ ಇಳಿಯುವುದೇ ಇಲ್ಲ. ಕೊಟ್ಟಿಗೆಯಲ್ಲಿ ದನ ಕಟ್ಟುವ ಗೂಟದ ಲೆಕ್ಕ. ಅಮೆರಿಕದ ಫ್ಲೋರಿಡಾದಲ್ಲಿ ಇದನ್ನು 1981ರಲ್ಲೇ ಶುರು ಮಾಡಿದ್ದಾರೆ, ರಾಕೆಟ್ ವಿಜ್ಞಾನವೇನೂ ಅಲ್ಲ. ಮಳೆಗಾಲದ ಅಬ್ಬರಕ್ಕೆ ಬೋಯಾ ತಡೆಯಲಿಕ್ಕಿಲ್ಲ ಅನ್ನಬಹುದು. ಜೂನ್‌ಗೆ ಮೊದಲು ಮೇಲಿನ ಹಗ್ಗ, ಬೋಯಾ ಬಿಚ್ಚಿಟ್ಟರಾಯಿತು. ಆಗ ಹೇಗೂ ಪ್ರವಾಸಿಗರು ಹೋಗುವುದಿಲ್ಲ.

ನನ್ನ ಕೋರಿಕೆ ಇಷ್ಟೇ. ಮೀನುಗಾರಿಕೆ, ಅರಣ್ಯ, ಪ್ರವಾಸೋದ್ಯಮ ಇಲಾಖೆಯವರನ್ನೂ ಮುರುಡೇಶ್ವರದ ದೋಣಿಯವರನ್ನೂ ಒಂದೇ ಕೋಣೆಯಲ್ಲಿ ಕೂರಿಸಿ. ದೋಣಿಯವರಿಗೆ ಮುಂದಿನ ಸಾಲಿನಲ್ಲಿ ಕುರ್ಚಿ ಹಾಕಿಸಿ, ಎಲ್ಲಿ ಬಂಡೆ, ಎಲ್ಲಿ ಮರಳು, ಯಾವ ಗಾಳಿಗೆ ದೋಣಿ ಯಾವ ಕಡೆ ತಿರುಗುತ್ತದೆ ಅನ್ನುವುದು ನಕ್ಷೆಗಿಂತ ಜಾಸ್ತಿ ಅವರಿಗೆ ಗೊತ್ತು. ನೀರು ತಿಳಿಯಾಗಿರುವ ತಿಂಗಳುಗಳಲ್ಲೇ ಜಾಗ ಗುರುತಿಸಿ, ಕೊರೆಯುವ ಕೆಲಸ ಮುಗಿಸಿ. ಬೋಯಾ ಬಂದ ಮೇಲೆ ದ್ವೀಪದ ಹತ್ತಿರ ಲಂಗರು ಹಾಕಬಾರದು ಅಂತ ಆದೇಶ ಮಾಡಿ. ಅದಕ್ಕೆ ಮೊದಲು ಬೇಡ. ಗೂಟ ಕೊಡದೆ ದನ ಕಟ್ಟು ಅಂದರೆ ಆಗುತ್ತದಾ?

ಖರ್ಚು ಎಲ್ಲಿಂದ ಅಂತ ಕೇಳಿದರೆ, ಟಿಕೆಟಿನ ಮೇಲೆ ಸ್ವಲ್ಪ ಹಾಕಿ. ನಾನಂತೂ ಕೊಡುತ್ತೇನೆ.

ಅಕ್ಟೋಬರಿನಲ್ಲಿ ಸೀಸನ್ ಶುರುವಾದಾಗ ನಾವು ಮತ್ತೆ ಬರುವವರಿದ್ದೇವೆ. ಈ ಸಲ ಇಡ್ಲಿ ತಿನ್ನದೆ.

ಇಂತಿ,
ಶಿರಸಿ ತಾಲ್ಲೂಕಿನ ಒಬ್ಬ ತೋಟಿಗ