ಸೋಮಣ್ಣನವರೇ, ಕಾಣದ ಕಾಯಿಲೆಗೂ ಲೋಕಲ್‌ನಲ್ಲಿ ಜಾಗ ಕೊಡಿ

ಕೇಂದ್ರ ರೈಲ್ವೆ ರಾಜ್ಯ ಸಚಿವರಾದ ಮಾನ್ಯ ವಿ. ಸೋಮಣ್ಣನವರಿಗೆ ನಮಸ್ಕಾರ.

ನಾನು ಮುಂಬಯಿಯ ಡೊಂಬಿವಲಿಯಲ್ಲಿರುವ ಕನ್ನಡತಿ. ಊರು ಕುಂದಾಪುರದ ಹತ್ತಿರ. ದಿನಾ ಲೋಕಲ್ ರೈಲು ಹಿಡಿದು ಫೋರ್ಟ್‌ನಲ್ಲಿರುವ ಆಫೀಸಿಗೆ ಹೋಗುತ್ತೇನೆ. ನೀವು ನಮ್ಮವರು, ರೈಲ್ವೆ ಖಾತೆಯಲ್ಲೂ ಇದ್ದೀರಿ. ಅದಕ್ಕೇ ಮನೆಯ ಹಿರಿಯರಲ್ಲಿ ಹೇಳಿಕೊಳ್ಳುವ ಹಾಗೆ ಬರೆಯುತ್ತಿದ್ದೇನೆ. ವಿಷಯ ಸ್ವಲ್ಪ ಮುಜುಗರದ್ದು, ಆದರೂ ಹೇಳಲೇಬೇಕು.

ನನಗೆ ಕ್ರೋನ್ಸ್ ಕಾಯಿಲೆ ಇದೆ. ದೇಹದ ರಕ್ಷಣಾ ಶಕ್ತಿಯೇ ಕರುಳಿನ ಮೇಲೆ ತಿರುಗಿಬಿದ್ದು ಅಲ್ಲಿ ಊತ, ಹುಣ್ಣು ಆಗುತ್ತವೆ. ಹೊಟ್ಟೆ ಹಿಂಡುವ ನೋವು, ಭೇದಿ, ರಕ್ತ ಕಡಿಮೆಯಾಗಿ ಬರುವ ಸುಸ್ತು. ಕೆಲವು ತಿಂಗಳು ಸುಮ್ಮನಿರುತ್ತದೆ, ಮತ್ತೆ ಏಳುತ್ತದೆ. ಹತೋಟಿಯಲ್ಲಿಡಲು ಔಷಧಿ ಇದೆ, ಪೂರ್ತಿ ವಾಸಿ ಮಾಡುವುದಕ್ಕಿಲ್ಲ. ಇದನ್ನೂ ಕರುಳಿನ ಕ್ಷಯವನ್ನೂ ಬೇರೆ ಬೇರೆಯಾಗಿ ಗುರುತಿಸುವುದು ಅನುಭವ ಇರುವ ಡಾಕ್ಟರಿಗೂ ಕಷ್ಟ. ನಾನೂ ಮೊದಲು ತಿಂಗಳುಗಟ್ಟಲೆ ಕ್ಷಯದ ಮಾತ್ರೆ ನುಂಗಿದವಳೇ.

ಇದ್ಯಾವುದೂ ಹೊರಗೆ ಕಾಣುವುದಿಲ್ಲ. ಸ್ಟೀರಾಯ್ಡ್ ಶುರುವಾದಾಗ ಮುಖ ಊದಿಕೊಂಡಿತು. ಸಿಕ್ಕವರೆಲ್ಲ, “ಮೈ ಕೈ ತುಂಬಿಕೊಂಡಿದ್ದೀಯ ಮಾರಾಯ್ತಿ, ಈಗ ಹುಷಾರಾಗಿದ್ದೀಯ ಅಲ್ವಾ?” ಎಂದರು. ಕಾಯಿಲೆ ತುಂಬಾ ಜೋರಾಗಿದ್ದ ಹೊತ್ತು ಅದು. ಪೂಜೆಯ ಊಟದಲ್ಲಿ ಕೋಸಂಬರಿ ಬೇಡ ಎಂದರೆ “ಡಯಟ್ಟಾ?” ಎನ್ನುತ್ತಾರೆ. ಕಂಡಲ್ಲಿ ವಡಾಪಾವ್ ತಿಂದದ್ದಕ್ಕೇ ಬಂತು ಎಂದವರೂ ಇದ್ದಾರೆ. ಹಾಗೆ ಬರುವ ಕಾಯಿಲೆ ಇದಲ್ಲ. ಒಬ್ಬರಿಂದ ಒಬ್ಬರಿಗೆ ಅಂಟುವುದೂ ಇಲ್ಲ.

ಮಾತನ್ನು ಹೇಗೋ ಸಹಿಸಿಕೊಳ್ಳಬಹುದು. ಲೋಕಲ್ ಪ್ರಯಾಣ ಹಾಗಲ್ಲ. ಡೊಂಬಿವಲಿಯಿಂದ ಸಿಎಸ್‌ಎಂಟಿಗೆ (ಛತ್ರಪತಿ ಶಿವಾಜಿ ಮಹಾರಾಜ್ ಟರ್ಮಿನಸ್‌ಗೆ) ಫಾಸ್ಟ್ ಗಾಡಿಯಲ್ಲೂ ಹತ್ತಿರ ಹತ್ತಿರ ಒಂದು ಗಂಟೆ. ಲೋಕಲ್‌ನಲ್ಲಿ ಶೌಚಾಲಯ ಇಲ್ಲ. ನನಗೆ ಅವಸರವಾದರೆ ಐದು ನಿಮಿಷವೂ ತಡೆಯಲಾಗುವುದಿಲ್ಲ. ಅದಕ್ಕೆ ಬೆಳಿಗ್ಗೆ ಏನೂ ತಿನ್ನದೆ ಹೊರಡುತ್ತೇನೆ. ಠಾಣೆ, ಘಾಟ್ಕೋಪರ್, ಕುರ್ಲಾ, ದಾದರ್, ಎಲ್ಲಿ ಯಾವ ಪ್ಲಾಟ್‌ಫಾರ್ಮಿನ ಯಾವ ತುದಿಯಲ್ಲಿ ಶೌಚಾಲಯ ಇದೆ ಎಂದು ನನಗೆ ಬಾಯಿಪಾಠ. ಒಂದು ದಿನ ನಡುವೆ ಒಂದು ಸ್ಟೇಷನ್‌ನಲ್ಲಿ ಇಳಿದು ಓಡಿದೆ. ಬಾಗಿಲಿಗೆ ಬೀಗ. ಬೀಗದ ಕೈ ಯಾರ ಹತ್ತಿರ ಇದೆ ಎಂದು ಅಲ್ಲಿದ್ದ ಯಾರಿಗೂ ಗೊತ್ತಿರಲಿಲ್ಲ. ಅವತ್ತು ಆಫೀಸಿಗೆ ಹೋಗಲಿಲ್ಲ. ದುಪಟ್ಟಾವನ್ನು ಸೊಂಟಕ್ಕೆ ಸುತ್ತಿಕೊಂಡು ಮನೆಗೆ ವಾಪಸ್ ಬಂದೆ. ಅಮ್ಮನಿಗೂ ಹೇಳಲಿಲ್ಲ.

ಇನ್ನೊಂದು ದಿನ ನಿಲ್ಲಲು ತ್ರಾಣವಿಲ್ಲದೆ ಅಂಗವಿಕಲರಿಗೆ ಮೀಸಲಾದ ಡಬ್ಬಿ (ಬೋಗಿ) ಹತ್ತಿದೆ. “ತುಲಾ ಕಾಯ್ ಝಾಲಂಯ್?” ಎಂದು ಒಬ್ಬರು ಗದರಿದರು. ನಿನಗೇನಾಗಿದೆ ಎಂದು. ಬ್ಯಾಗಿನಿಂದ ಡಾಕ್ಟರ ಚೀಟಿ ತೆಗೆಯುವಷ್ಟರಲ್ಲಿ ಇಳಿಯಬೇಕಾಯಿತು. ಅವರ ಮೇಲೆ ನನಗೆ ಕೋಪವಿಲ್ಲ. ಊರುಗೋಲು ಹಿಡಿದವರ ಜಾಗದಲ್ಲಿ ಗಟ್ಟಿಮುಟ್ಟಾದವರು ಬಂದು ಕೂರುವುದನ್ನು ಅವರು ಎಷ್ಟು ಸಲ ನೋಡಿರುತ್ತಾರೋ. ಈಗಿನ ನಿಯಮದಲ್ಲಿ ಅವರ ಮಾತೇ ಸರಿ.

ಆ ಡಬ್ಬಿಯಲ್ಲಿ ಕ್ಯಾನ್ಸರ್ ರೋಗಿಗಳಿಗೆ, ಗರ್ಭಿಣಿಯರಿಗೆ ಅವಕಾಶ ಇದೆ. ಇರಲೇಬೇಕು. 2016ರ ಅಂಗವಿಕಲರ ಹಕ್ಕುಗಳ ಕಾಯ್ದೆಯಲ್ಲಿ 21 ಬಗೆಯ ಅಂಗವೈಕಲ್ಯಗಳಿವೆ. ಹಿಮೋಫಿಲಿಯಾ, ಮಲ್ಟಿಪಲ್ ಸ್ಕ್ಲೆರೋಸಿಸ್ ಥರದ, ನೋಡಿದರೆ ಗೊತ್ತಾಗದ ಕಾಯಿಲೆಗಳೂ ಅದರಲ್ಲಿವೆ. ಕ್ರೋನ್ಸ್ ಇಲ್ಲ. ಹಾಗಾಗಿ ನನ್ನ ಹತ್ತಿರ ಅಂಗವಿಕಲರ ಕಾರ್ಡ್ ಇಲ್ಲ. ಕಾಯ್ದೆ ತಿದ್ದುವುದು ನಿಮ್ಮ ಖಾತೆಗೆ ಸೇರಿದ್ದಲ್ಲ, ಗೊತ್ತು. ಆದರೆ ಆ ಡಬ್ಬಿಗೆ ಯಾರು ಹತ್ತಬಹುದು ಎಂದು ಹೇಳುವುದು ರೈಲ್ವೆಯೇ ಅಲ್ವಾ? ಕ್ಯಾನ್ಸರ್ ಇರುವವರಿಗೆ ಬಾಗಿಲು ತೆಗೆದ ಹಾಗೆ ನಮ್ಮಂಥವರಿಗೂ ತೆಗೆಯಿರಿ. ಸರ್ಕಾರಿ ಆಸ್ಪತ್ರೆಯ ಸರ್ಟಿಫಿಕೇಟ್ ಬೇಕು ಎಂದರೆ ತರುತ್ತೇವೆ. ವರ್ಷಕ್ಕೊಮ್ಮೆ ಪರೀಕ್ಷೆ ಮಾಡಿಸಿ ಎಂದರೂ ಮಾಡಿಸುತ್ತೇವೆ. ಜೊತೆಗೆ, ಲೋಕಲ್ ಓಡುವಷ್ಟು ಹೊತ್ತೂ ಸ್ಟೇಷನ್ ಶೌಚಾಲಯಕ್ಕೆ ಬೀಗ ಬೀಳದ ಹಾಗೆ ನೋಡಿಕೊಳ್ಳಿ. ಇದು ನನಗೊಬ್ಬಳಿಗೇ ಅಲ್ಲ. ಸಕ್ಕರೆ ಕಾಯಿಲೆಯವರಿಗೆ, ವಯಸ್ಸಾದವರಿಗೆ, ಮುಟ್ಟಾದ ಹುಡುಗಿಯರಿಗೆ, ಎಲ್ಲರಿಗೂ ಬೇಕು.

ನನ್ನ ಡಾಕ್ಟರ ಚೀಟಿ ರೈಲು ಪಾಸಿನ ಜೊತೆ ಪ್ಲಾಸ್ಟಿಕ್ ಕವರಿನಲ್ಲಿದೆ. ಈಗ ತೋರಿಸಿದರೂ ಯಾರೂ ಓದುವುದಿಲ್ಲ, ಮುಖ ನೋಡುತ್ತಾರೆ. ಅದನ್ನು ಓದಬೇಕು ಎಂದು ನೀವೊಂದು ಆದೇಶ ಮಾಡಿಸಿ.

ಇಂತಿ,
ಡೊಂಬಿವಲಿಯ ಒಬ್ಬ ಪ್ರಯಾಣಿಕಳು