ಎಸ್.ಪಿ. ರಸ್ತೆಯ ಆ ಹಿರಿಯರಿಗೆ

ಬೆಂಗಳೂರಿನ ಎಸ್.ಪಿ. ರಸ್ತೆಯ ಪುಟ್ಟ ಅಂಗಡಿಯಲ್ಲಿ ಕೂರುವ ಹಿರಿಯರೇ, ಗಡಿಬಿಡಿಯಲ್ಲಿ ನಿಮ್ಮ ಹೆಸರನ್ನೂ ಕೇಳಲಿಲ್ಲ.

ನನ್ನ ಆಂಪ್ಲಿಫೈಯರ್‌ನ ಒಂದು ಇಎಲ್84 ವಾಲ್ವಿನ (ಸಿಗ್ನಲ್ ದೊಡ್ಡದು ಮಾಡುವ ಗಾಜಿನ ಟ್ಯೂಬ್) ಪ್ಲೇಟ್, ಅಂದರೆ ಒಳಗಿನ ಲೋಹದ ತಗಡು, ಕೆಂಡದ ಹಾಗೆ ಕೆಂಪಾಗುತ್ತಿತ್ತು. ಹೊಸ ಜೋಡಿ ಹಾಕಿದರೂ ಅಷ್ಟೇ. ಮತ್ತೊಂದು ಜೋಡಿ ಕೇಳಿದಾಗ ನೀವು ಕೊಡಲಿಲ್ಲ. "ವಾಲ್ವ್‌ದು ತಪ್ಪಲ್ಲ ಸಾರ್, ಮೊದಲು ಗ್ರಿಡ್ ನೋಡೋಣ" ಅಂದಿರಿ. ಗ್ರಿಡ್ ಅಂದರೆ ವಾಲ್ವಿನೊಳಗೆ ಹರಿಯುವ ಕರೆಂಟನ್ನು ಹಿಡಿತದಲ್ಲಿಡುವ ಜಾಲರಿ.

ಪ್ಲಗ್ ಕಿತ್ತು, ಫಿಲ್ಟರ್ ಕೆಪಾಸಿಟರ್‌ನ ಚಾರ್ಜನ್ನು ರೆಸಿಸ್ಟರ್ ಮೂಲಕ ಇಳಿಸಿ, ಮೀಟರ್ ಸೊನ್ನೆ ತೋರಿಸಿದ ಮೇಲೆಯೇ ಒಳಗೆ ಕೈಯಿಟ್ಟಿರಿ. ವಾಲ್ವ್ ತೆಗೆದು, ಮೀಟರ್ ಕ್ಲಿಪ್ ಸಿಕ್ಕಿಸಿ, ಆಮೇಲೆ ಸ್ವಿಚ್ ಹಾಕಿದಿರಿ. ಗ್ರಿಡ್‌ನ ಪಿನ್ಆದ 2ನೇ ಪಿನ್‌ನಲ್ಲಿ ಸೊನ್ನೆ ಇರಬೇಕಾದಲ್ಲಿ 9 ವೋಲ್ಟ್! ಹಿಂದಿನ ಹಂತದಿಂದ ಬರುವ 0.022 ಮೈಕ್ರೊಫ್ಯಾರಡ್ ಕಪ್ಲಿಂಗ್ ಕೆಪಾಸಿಟರ್ (ಸಿಗ್ನಲ್ ಮಾತ್ರ ದಾಟಿಸಿ ಡಿಸಿ ವೋಲ್ಟೇಜ್ ತಡೆಯಬೇಕಾದದ್ದು) ಸೋರುತ್ತಿತ್ತು. ಗ್ರಿಡ್ ಪಾಸಿಟಿವ್ ಆದರೆ ಬಯಾಸ್ (ಕರೆಂಟನ್ನು ಮಿತಿಯಲ್ಲಿಡುವ ವೋಲ್ಟೇಜ್) ಕೆಟ್ಟು ಕರೆಂಟ್ ಏರುತ್ತದೆ. ಇಎಲ್84ರ ಪ್ಲೇಟ್ ತಡೆಯುವುದು 12 ವ್ಯಾಟ್ ಮಾತ್ರ, ಅದಕ್ಕೇ ಅದು ಕೆಂಪಾಗುತ್ತಿತ್ತು.

630 ವೋಲ್ಟಿನ ಫಿಲ್ಮ್ ಕೆಪಾಸಿಟರ್‌ಗಳನ್ನು ಜೋಡಿಯಾಗಿಯೇ ಬದಲಿಸಿದಿರಿ. ಬಿಸಿಗೆ ಬಣ್ಣಗೆಟ್ಟಿದ್ದ ಕ್ಯಾಥೋಡ್ ರೆಸಿಸ್ಟರನ್ನೂ ಬಿಡಲಿಲ್ಲ. ನನ್ನ ವಾಲ್ವ್‌ಗಳ ಪಿನ್ ಒರೆಸಿ, ಹಳೇ ಪೇಪರಿನಲ್ಲಿ ಒಂದೊಂದನ್ನೇ ಸುತ್ತಿಕೊಟ್ಟಿರಿ. ಬಿಡಿಭಾಗದ ದುಡ್ಡು ಬಿಟ್ಟು ಬೇರೇನೂ ತೆಗೆದುಕೊಳ್ಳಲಿಲ್ಲ.

ಮನೆಯಲ್ಲಿ ದೀಪ ಆರಿಸಿ ಒಂದು ಗಂಟೆ ನೋಡುತ್ತಾ ಕುಳಿತೆ. ಹೀಟರಿನ ಕಿತ್ತಳೆ ಬೆಳಕಷ್ಟೇ ಇತ್ತು, ಪ್ಲೇಟ್ ಕಪ್ಪಗೇ ಇತ್ತು. ತುಂಬಾ ಥ್ಯಾಂಕ್ಸ್ ಸಾರ್.