ಗ್ರಂಥಾಲಯದ ತಂತ್ರಾಂಶ ಮುಗಿಯಿತು, ಕೈಜೋಡಿಸಿದವರಿಗೆ ನಮಸ್ಕಾರ

ಪುಣೆಯ ಕನ್ನಡಿಗರು ನಡೆಸುವ ಪುಟ್ಟ ಗ್ರಂಥಾಲಯಕ್ಕಾಗಿ ಕೈಗೊಂಡ ಎಂಸಿಎ ಪ್ರಾಜೆಕ್ಟು ಮುಗಿದಿದೆ. ವೈವಾ ಆಯಿತು, ವರದಿಗೆ ಸಹಿಯೂ ಬಿತ್ತು. ಮುಖಪುಟದಲ್ಲಿ ನಾಲ್ವರ ಹೆಸರಷ್ಟೇ ಇದೆ. ಉಳಿದವರ ಋಣವನ್ನು ಇಲ್ಲಿ ನೆನೆಯಬೇಕು.

ಮೊದಲ ನಮಸ್ಕಾರ ಗ್ರಂಥಾಲಯ ನೋಡಿಕೊಳ್ಳುವ ಕಾಕಾ ಅವರಿಗೆ. ಹಳೆಯ ಪುಸ್ತಕಪಟ್ಟಿ ಯೂನಿಕೋಡ್ (ಎಲ್ಲ ಭಾಷೆಗಳ ಅಕ್ಷರಗಳಿಗೂ ಇರುವ ಸಾಮಾನ್ಯ ಸಂಕೇತ ಪದ್ಧತಿ) ಅಲ್ಲದ, ಹಳೆಯ ನುಡಿ ಫಾಂಟಿನಲ್ಲಿತ್ತು. ಆ ಕಡತಗಳಲ್ಲಿ ಅರ್ಕಾವತ್ತು ಅಕ್ಷರದ ನಂತರ ಕೂರುತ್ತದೆ, ಯೂನಿಕೋಡಿನಲ್ಲಿ ರಕಾರ ಮೊದಲು ಬರಬೇಕು. ಹೀಗಾಗಿ ಪರಿವರ್ತಿಸಿದಾಗ 'ಧರ್ಮ', 'ಕರ್ನಾಟಕ'ದಂಥ ಶಬ್ದಗಳೇ ಮುರಿದವು. ಕಾಕಾ ಕೈಬರಹದ ರಿಜಿಸ್ಟರ್ ಹಿಡಿದು ಸಾಲು ಸಾಲು ತಾಳೆ ನೋಡಿಕೊಟ್ಟರು. ಐಎಸ್‌ಬಿಎನ್ (ಪುಸ್ತಕದ ಅಂತಾರಾಷ್ಟ್ರೀಯ ಗುರುತು ಸಂಖ್ಯೆ) ಬದಲು ಪರಿಗ್ರಹಣ ಸಂಖ್ಯೆಯನ್ನೇ, ಅಂದರೆ ಗ್ರಂಥಾಲಯವೇ ಪ್ರತಿಯೊಂದು ಪ್ರತಿಗೂ ಕೊಡುವ ಸಂಖ್ಯೆಯನ್ನೇ, ಮುಖ್ಯ ಕೀ (ದಾಖಲೆಯನ್ನು ಗುರುತಿಸುವ ಕಾಲಂ) ಮಾಡಿ ಎಂದವರೂ ಅವರೇ. ಹಳೆಯ ಪುಸ್ತಕಗಳಿಗೆ ಐಎಸ್‌ಬಿಎನ್ ಇರುವುದೇ ಇಲ್ಲ. ಇದ್ದರೂ, ಕಾಲಂ ಅನ್ನು ಮೊದಲೇ 'ಟೆಕ್ಸ್ಟ್' ಮಾಡದಿದ್ದರೆ ಎಕ್ಸೆಲ್ 13 ಅಂಕಿಗಳನ್ನು 9.78ಇ+12 ಎಂದು ತೋರಿಸುತ್ತದೆ. ಹಾಗೆಯೇ ಸಿಎಸ್‌ವಿಯಾಗಿ (ಅಲ್ಪವಿರಾಮದಿಂದ ಬೇರ್ಪಡಿಸಿದ ಬರಿಯ ಪಠ್ಯದ ಕಡತವಾಗಿ) ಉಳಿಸಿದರೆ ಉಳಿದ ಅಂಕಿಗಳು ಹೋದಂತೆಯೇ.

ಗೈಡ್ ಮೇಡಂ ಹಿಡಿದು ತೋರಿಸಿದ ತಪ್ಪನ್ನು ಕನ್ನಡದ ಡೇಟಾಬೇಸ್ ಕಟ್ಟುವವರೆಲ್ಲ ತಿಳಿದಿರಬೇಕು. 'ಕೋಗಿಲೆ' ಎಂದು ಹುಡುಕಿದರೆ ಕಪಾಟಿನಲ್ಲಿದ್ದ ಪುಸ್ತಕ ಸಿಗುತ್ತಿರಲಿಲ್ಲ. ಓತ್ವವನ್ನು ಒಂದೇ ಸಂಕೇತವಾಗಿ ಬರೆಯಬಹುದು, ಎತ್ವ, ಕೊಂಬಿನ ದೀರ್ಘ, ದೀರ್ಘ ಎಂದು ಮೂರು ತುಂಡಾಗಿಯೂ ಬರೆಯಬಹುದು. ಕಣ್ಣಿಗೆ ಎರಡೂ ಒಂದೇ, ಡೇಟಾಬೇಸಿಗೆ ಬೇರೆ ಬೇರೆ. ಎಲ್ಲವನ್ನೂ ಎನ್‌ಎಫ್‌ಸಿ ಎಂಬ, ಇಂಥ ತುಂಡುಗಳನ್ನು ಒಂದೇ ಸಂಕೇತವಾಗಿ ಕೂಡಿಸುವ ಯೂನಿಕೋಡ್ ರೂಪಕ್ಕೆ ತರಬೇಕು, ಅದೂ ಉಳಿಸುವಾಗ ಮತ್ತು ಹುಡುಕುವಾಗ ಎರಡೂ ಕಡೆ. 'ಸಾಫ್ಟ್‌ವೇರ್' ಎನ್ನುವಲ್ಲಿ ಒತ್ತಕ್ಷರ ಆಗದಂತೆ ತಡೆಯುವ, ಕಾಣದ ಸಂಕೇತವೊಂದಿದೆ. ಎನ್‌ಎಫ್‌ಸಿ ಅದನ್ನು ಮುಟ್ಟುವುದಿಲ್ಲ. ಹುಡುಕಾಟಕ್ಕೆಂದೇ ಪ್ರತ್ಯೇಕ ಕಾಲಂ ಇಟ್ಟು ಅಲ್ಲಿ ಮಾತ್ರ ತೆಗೆಯಬೇಕು, ತೋರಿಸುವ ಶೀರ್ಷಿಕೆಯಿಂದ ತೆಗೆದರೆ ಕಾಗುಣಿತವೇ ಕೆಡುತ್ತದೆ.

ಜೂನಿಯರ್ ಗೆಳತಿಯರಿಬ್ಬರು ಬೇರೆ ಲ್ಯಾಪ್‌ಟಾಪಿನಲ್ಲಿ, ನಮ್ಮನ್ನು ಏನೂ ಕೇಳದೆ, ರೀಡ್‌ಮಿ (ತಂತ್ರಾಂಶ ಹಾಕುವ ಸೂಚನೆಗಳ ಕಡತ) ಓದಿಕೊಂಡೇ ತಂತ್ರಾಂಶ ಹಾಕಿ ನೋಡಿದರು. ಇಡೀ ದಾಖಲೀಕರಣದಲ್ಲಿ ಇದಕ್ಕಿಂತ ಉಪಯುಕ್ತ ಪರೀಕ್ಷೆ ಇನ್ನೊಂದಿಲ್ಲ. ತಂತ್ರಾಂಶ ಬಳಸುವ ಲೈಬ್ರರಿಗಳ (ಸಿದ್ಧ ಕೋಡಿನ ಕಟ್ಟುಗಳ) ಆವೃತ್ತಿ ಸಂಖ್ಯೆ ನಮೂದಾಗಿರಲಿಲ್ಲ, ಸೆಟ್ಟಿಂಗುಗಳಿರುವ ಎನ್ವಿರಾನ್‌ಮೆಂಟ್ ಕಡತದ ಮಾದರಿ, ಕೋಡಿನ ಆವೃತ್ತಿಗಳನ್ನು ಕಾಪಿಡುವ ಗಿಟ್‌ಗೆ ಸೇರಿರಲಿಲ್ಲ, ಡೇಟಾಬೇಸಿನ ಕೋಷ್ಟಕ ಸೃಷ್ಟಿಸುವ ಆಜ್ಞೆಯೇ ಬಿಟ್ಟುಹೋಗಿತ್ತು. ಬ್ಯಾಕಪ್ ತೆಗೆಯುವುದು ಬರೆದಿತ್ತು, ಅದನ್ನು ಮರಳಿ ತುಂಬುವುದು ಇರಲಿಲ್ಲ. ಎಲ್ಲವೂ ಈಗ ಸೇರಿವೆ.

ವರದಿಯ ಪಿಡಿಎಫ್‌ನಲ್ಲಿ 'ಪುಸ್ತಕ' ಎಂಬುದು 'ಪುಸ್‌ತಕ' ಆಗಿದ್ದನ್ನು ಗುರುತಿಸಿದವರು ಝೆರಾಕ್ಸ್ ಅಂಗಡಿಯ ದಾದಾ, ಮರಾಠಿಗರು. ಪಿಡಿಎಫ್ ಮಾಡಿದ ಕೋಡ್ ಲೈಬ್ರರಿಗೆ ಒತ್ತಕ್ಷರ ಜೋಡಿಸಲು ಬಾರದು. ಪುಟವನ್ನು ಎಚ್‌ಟಿಎಂಎಲ್ (ವೆಬ್ ಪುಟದ ರೂಪ) ಮಾಡಿ ಬ್ರೌಸರಿನಿಂದ ಪ್ರಿಂಟ್ ಕೊಟ್ಟಾಗ ಸರಿಹೋಯಿತು. ಬೈಂಡಿಂಗಿಗೆ ಎಡ ಅಂಚು ಒಂದೂವರೆ ಇಂಚು ಬಿಡಿಸಿದವರೂ ಅವರೇ. ದಾದಾ, ಮನಃಪೂರ್ವಕ ಆಭಾರ.

ಮುಂದಿನ ತಂಡ ದಂಡದ ಲೆಕ್ಕ ಸೇರಿಸಲಿದೆ. ಸೋರ್ಸ್ ಕೋಡು, ಕನ್ನಡದ ಕೈಪಿಡಿ, ಕೋಷ್ಟಕಗಳ ವಿವರ ಮೂರನ್ನೂ ಪೆನ್‌ಡ್ರೈವಿನಲ್ಲಿ ಹಾಕಿ ಕಾಕಾ ಅವರ ಮೇಜಿನ ಖಾನೆಯಲ್ಲಿ ಇಟ್ಟಿದ್ದೇವೆ.